ಸೀಟು ಹಿಡಿಯಬೇಡ

ಮಾಲೂರು
ಭಾನುವಾರ

ಕದಿರೇಶ,

ಇನ್ನು ಮೇಲೆ ಸಂಜೆಯ ರೈಲಿನಲ್ಲಿ ನನಗೆಂದು ಟವೆಲ್ ಹಾಕಿ ಸೀಟು ಹಿಡಿಯಬೇಡ. ಮೊನ್ನೆ ಕಿಟಕಿಯಿಂದ ನೋಡಿದೆ, ಆ ಸೀಟಿಗಾಗಿ ನೀನು ಯಾರ ಜೊತೆಗೋ ಜಗಳವಾಡುತ್ತಿದ್ದೆ. ನಾನು ಅದೇ ರೈಲಿನ ಕೊನೆಯ ಬೋಗಿಯಲ್ಲಿ ನಿಂತು ಬರುತ್ತಿದ್ದೇನೆ. ನಿನ್ನ ಜೊತೆ ಕೂತರೆ ಮಾಲೂರಲ್ಲಿ ಇಳಿದು ನೇರವಾಗಿ ಬಾರಿಗೇ ಹೋಗುತ್ತೇವೆ. ಫೋನಿನಲ್ಲಿ ಹೇಳಿದರೆ "ಬಾರೋ, ಕೂತು ಮಾತಾಡೋಣ" ಅನ್ನುತ್ತೀಯ. ಅದಕ್ಕೇ ಬರೆಯುತ್ತಿದ್ದೇನೆ.

ಕುಡಿತ ಬಿಡಿಸುವವರನ್ನು ಹುಡುಕಿಕೊಂಡು ಕೋಲಾರಕ್ಕೆ ಹೋಗಿದ್ದೆ. ಆಸ್ಪತ್ರೆಯಲ್ಲಿ ಕೌನ್ಸೆಲಿಂಗ್ ಮಾಡುವ ಮೇಡಂ ಒಬ್ಬರಿದ್ದಾರೆ. "ರಾತ್ರಿ ನಿದ್ದೆ ಬರುತ್ತಾ?" ಎಂದು ಕೇಳಿದರು. ಯಾರಾದರೂ ಹಾಗೆ ಕೇಳಿ ಎಷ್ಟು ಕಾಲವಾಗಿತ್ತೋ. ಹೊರಡುವಾಗ, "ಮುಂದಿನ ಸಲ ನಿಮ್ಮವರು ಅಂತ ಯಾರನ್ನಾದ್ರೂ ಕರ್ಕೊಂಡು ಬನ್ನಿ" ಎಂದರು.

ಗೌನಿಪಲ್ಲಿಯ ತವರಿಗೆ ಹೋದ ಗಂಗಾಲಕ್ಷ್ಮಿ ನನ್ನ ಫೋನು ಎತ್ತುವುದಿಲ್ಲ. ಅಣ್ಣನ ಪಾಲಿಗೆ ನಾನು ಸತ್ತಂತೆಯೇ. ಬಸ್ಸಿನಲ್ಲಿ ದಾರಿಯುದ್ದಕ್ಕೂ ಯೋಚಿಸಿದೆ. ನಿನ್ನೊಬ್ಬನ ಹೆಸರೇ ಬಂತು.

ಬುಧವಾರ ಬೆಳಿಗ್ಗೆ ಆ ಆಸ್ಪತ್ರೆಗೆ ಬರುತ್ತೀಯಾ? ಕುಡಿಯದೆ ಬಾ. ಅಲ್ಲಿ ಜನ ಜಾಸ್ತಿ, ಇರುವುದು ಒಂದೇ ಬೆಂಚು. ನಾನು ಮೊದಲೇ ಹೋಗಿ, ಪಕ್ಕದಲ್ಲಿ ಟವೆಲ್ ಹಾಕಿಕೊಂಡು ಕೂತಿರುತ್ತೇನೆ.

ನಿನ್ನ
ಮುನಿಕೃಷ್ಣ