ಮೆತ್ತನೆಯ ಪಿಸ್ತೂಲು

ರೀ,

ಹೆಸರು ಹಿಡಿದು ಕರೆದವಳೇ ಅಲ್ಲ ನಾನು, ಈಗೇನು ಹೊಸದಾಗಿ ಶುರು ಮಾಡುವುದು? ಅಡುಗೆಮನೆಯಿಂದ "ರೀ" ಅಂದರೆ ಬೇಸ್‌ಮೆಂಟಿನಿಂದ "ಏನೇ?" ಅನ್ನುತ್ತಿದ್ದಿರಿ. ಈಗಲೂ ಅಲ್ಲೇ ಕೆಳಗೆ ಏನೋ ಕುಟ್ಟುತ್ತ ಕೂತಿದ್ದೀರಿ ಅಂದುಕೊಂಡೇ ಬರೆಯುತ್ತಿದ್ದೇನೆ. ಪೂರ್ತಿ ಓದುವವರೆಗೆ ರೇಗಬೇಡಿ. ನಾನು ಒಂದು ಪಿಸ್ತೂಲು ಕೊಂಡಿದ್ದೆ. ಹೌದು, ನಾನೇ. ಜಿರಳೆ ಕಂಡರೆ ಸೋಫಾ ಹತ್ತುತ್ತಿದ್ದ ನಿಮ್ಮ ಸುಮಾ.

ನೀವು ಹೋದ ಮೇಲಿನ ಎರಡನೆಯ ಚಳಿಗಾಲ ಅದು. ಒಂದು ಮಧ್ಯಾಹ್ನ ಮಾನ್ಮತ್ ಜಂಕ್ಷನ್ನಿನ ಆಫೀಸಿನಲ್ಲಿ ಮೀಟಿಂಗಿನಲ್ಲಿದ್ದಾಗ ನಿಮ್ಮ ಅಮ್ಮನ ಫೋನ್ ಬಂತು. "ಸುಮಾ, ಇಬ್ಬರು ಬಂದಿದ್ರು ಕಣೇ, ಹಿಂದಿನ ಗಾಜಿನ ಬಾಗಿಲಿಂದ. ಹೀಟರ್ ರಿಪೇರಿಯೋರು ಅಂತ ಕಾಣುತ್ತೆ. ಮೇಲೆ ಹೋಗಿ ನಿನ್ನ ಕಪಾಟೆಲ್ಲ ಕಿತ್ತು ನೋಡಿದ್ರು. ಹೋಗೋವಾಗ ಒಬ್ಬ ನನ್ನ ಕೈ ಹಿಡಿದು ಬಳೆ ಎಳ್ಕೊಂಡ. ಹೀಟರ್‌ಗೂ ನನ್ನ ಬಳೆಗೂ ಏನೇ ಸಂಬಂಧ?" ಮೀಟಿಂಗಿನಿಂದ ಹೇಗೆ ಎದ್ದೆನೋ, ಹಿಲ್ಸ್‌ಬರೋದ ಮನೆಯವರೆಗೆ ಹೇಗೆ ಡ್ರೈವ್ ಮಾಡಿದೆನೋ, ನನಗೇ ಗೊತ್ತಿಲ್ಲ. ಅಮ್ಮ ಸೋಫಾದಲ್ಲಿ ಕೂತು ಪೊಲೀಸರಿಗೆ ಕಾಫಿ ಬೇಕಾ ಅಂತ ಕನ್ನಡದಲ್ಲಿ ಕೇಳುತ್ತಿದ್ದರು. ಮಣಿಕಟ್ಟು ನೀಲಿಗಟ್ಟಿತ್ತು. ಇಂಡಿಯನ್ ಮನೆಗಳಲ್ಲಿ ಚಿನ್ನ ಇರುತ್ತದೆಂದು ಕಳ್ಳರಿಗೆ ಗೊತ್ತು ಮೇಡಂ, ಅಂದ ಆ ಪೊಲೀಸಿನವನು.

ಸಂಜೆಯೊಳಗೆ ಅಮ್ಮ ನಗುತ್ತಿದ್ದರು. ನನಗೆ ಆಗ ಶುರುವಾಯಿತು. ಫ್ರಿಜ್ಜಿನ ಐಸ್ ಮೇಕರ್ ಐಸ್ ಬೀಳಿಸಿದರೆ ಎದೆ ಧಸಕ್ಕೆನ್ನುವುದು. ಆಫೀಸಿನಲ್ಲಿ ಕೂತು ಗಳಿಗೆಗೊಮ್ಮೆ ಅಮ್ಮನಿಗೆ ಫೋನ್ ಮಾಡುವುದು, ಅವರು ಎತ್ತದಿದ್ದರೆ... ನಿಮ್ಮ ಗೊರಕೆಗೆ ಬೈಯುತ್ತಿದ್ದೆನಲ್ಲ, ಆ ಗೊರಕೆ ಇದ್ದಾಗ ಮನೆಯ ಬೇರೆ ಸದ್ದು ಯಾವುದೂ ನನಗೆ ಕೇಳುತ್ತಲೇ ಇರಲಿಲ್ಲ ಕಣ್ರೀ. ಫ್ಲೋರಲ್ ಪಾರ್ಕಿನ ತನ್ನ ಮನೆಯಿಂದ ಶ್ರುತಿ ದಿನಾ ಕರೆದಳು: "ಅಮ್ಮಾ, ಇಬ್ಬರೂ ನಮ್ಮನೆಗೆ ಬಂದುಬಿಡಿ." ನಿಮ್ಮ ಅಮ್ಮ ಕೇಳಬೇಕಲ್ಲ. "ಮಗ ಕಟ್ಟಿದ ಮನೆ ಬಿಟ್ಟು ಅಳಿಯನ ಮನೆ ಸೇರೋಳಲ್ಲ ನಾನು" ಅಂದರು. ಮೊಮ್ಮಗಳ ಗಂಡ ಅಜ್ಜಿಗೆ ಅಳಿಯ ಹೇಗಾಗುತ್ತಾನೆ ಅಂತ ವಾದಿಸಲು ನನ್ನಲ್ಲಿ ತ್ರಾಣವಿರಲಿಲ್ಲ.

ನಮ್ಮ ಲ್ಯಾಬಿನ ವಿಜಯಾ ನೆನಪಿದ್ದಾಳಾ, ಧಾರವಾಡದ ಹುಡುಗಿ, ನಿಮ್ಮ ತಿಥಿಗೆ ಗೋಧಿ ಹುಗ್ಗಿ ತಂದವಳು? ಅವಳು ವೀಕೆಂಡ್‌ಗಳಲ್ಲಿ ಶೂಟಿಂಗ್ ರೇಂಜಿಗೆ ಹೋಗುತ್ತಾಳೆಂದು ಆಗ ತಿಳಿಯಿತು. ಎಲ್ಲ ಅವಳ ಹತ್ತಿರ ಹೇಳಿಕೊಂಡು ಅತ್ತುಬಿಟ್ಟೆ. "ಅಳಬ್ಯಾಡ್ರಿ ಆಂಟಿ. ಮೊದ್ಲ ಕಲೀರಿ. ತಗೊಳ್ಳೂದು ಬಿಡೂದು ಆಮ್ಯಾಲಿನ ಮಾತು" ಅಂದಳು. ಟೌನ್ ಪೊಲೀಸರ ಪರ್ಮಿಟ್ಟಿಗೆ ಬೆರಳಚ್ಚು ಕೊಟ್ಟೆ. ಶ್ರುತಿಗೆ ಹೇಳಲಿಲ್ಲ. ಹೇಳಿದ್ದರೆ ಬಿಡುತ್ತಿದ್ದಳೇ?

ಮೊದಲ ಸಲ ಅಂಗಡಿಗೆ ಹೋದಾಗ ಗಾಜಿನ ಕೆಳಗೆ ಪಿಸ್ತೂಲುಗಳು ಸಾಲಾಗಿ ಮಲಗಿದ್ದವು. ನನಗೆ ಕಂಡಿದ್ದು ಎಲ್ಲಕ್ಕಿಂತ ಚಿಕ್ಕದು, ಹೆಚ್ಚುಕಡಿಮೆ ಅಂಗೈಯಷ್ಟೇ. ನನ್ನ ಹೆಬ್ಬೆರಳ ಬುಡದ ಸಂಧಿವಾತ ನಿಮಗೆ ಗೊತ್ತಲ್ಲ. ಉಪ್ಪಿನಕಾಯಿ ಬಾಟಲಿನ ಮುಚ್ಚಳ ತೆಗೆಸಲು ನಿಮ್ಮ ಹತ್ತಿರ ಬರುತ್ತಿದ್ದವಳು ನಾನು. ಸಣ್ಣ ಕೈಗೆ ಸಣ್ಣ ಪಿಸ್ತೂಲು, ಸಣ್ಣದಕ್ಕೆ ಸಣ್ಣ ಏಟು, ಇಷ್ಟೇ ನನ್ನ ಲೆಕ್ಕ. ಅಂಗಡಿಯವನೂ ಹೆಂಗಸರಿಗೆ ಇದೇ ಸರಿ ಅಂದ. ವಿಜಯಾ ಹಣೆ ಚಚ್ಚಿಕೊಂಡಳು. "ಸಣ್ಣದ ಭಾಳ ಒದೀತೈತ್ರಿ ಆಂಟಿ. ಹಗೂರ ಇದ್ದಷ್ಟೂ ಎಲ್ಲಾ ಪೆಟ್ಟು ನಿಮ್ಮ ಕೈಗೇ. ಒಂದೀಟು ತೂಕ ಇರ್ಬೇಕು, ಹಿಡಿಯಾಕ ಎಲ್ಲಾ ಬೆರಳು ಕೂಡ್ಬೇಕು. ನಂಬಂಗಿಲ್ಲಂದ್ರ ಬಾಡಿಗಿಗೆ ತಗೊಂಡು ಹೊಡದ ನೋಡ್ರಿ."

ಹೊಡೆದು ನೋಡಿದೆ. ಅಯ್ಯೋ! ಬಾಗಿಲ ಸಂದಿಗೆ ಹೆಬ್ಬೆರಳು ಸಿಕ್ಕಿದ ಹಾಗಾಯಿತು. ಕಣ್ಣಲ್ಲಿ ನೀರು. ಕಾಗದದ ಗುರಿಯ ಮೇಲೆ ನನ್ನ ಗುಂಡು ಎಲ್ಲೂ ಇಲ್ಲ! ಮುಂದಿನ ಸಲ ದೊಡ್ಡದೊಂದನ್ನು ಕೊಟ್ಟಳು. ಒದೆತ ಕಡಿಮೆಯಾದರೂ ಅದರ ಮೇಲ್ಭಾಗ ಎಳೆಯಲು ನನ್ನಿಂದಾಗಲಿಲ್ಲ. ಅದನ್ನು ಸ್ಲೈಡ್ ಅನ್ನುತ್ತಾರೆ. ಗುಂಡು ತುಂಬಿದ ಉದ್ದನೆಯ ಡಬ್ಬಿ, ಅಂದರೆ ಮ್ಯಾಗಜೀನನ್ನು ಹಿಡಿಯೊಳಗೆ ತಳ್ಳಿ, ಸ್ಲೈಡನ್ನು ಹಿಂದಕ್ಕೆಳೆದು ಬಿಟ್ಟರೆ ಒಂದು ಗುಂಡು ಹೋಗಿ ನಳಿಗೆಯಲ್ಲಿ ಕೂರುತ್ತದೆ. ಅಷ್ಟಾದರೆ ಮುಗಿಯಿತು, ಇನ್ನು ಬೆರಳು ಒತ್ತುವುದೊಂದೇ ಬಾಕಿ. ಪಕ್ಕದ ಸಾಲಿನ ಬಿಳಿ ಮುದುಕ ಪಾಪ, ಎಳೆದುಕೊಡಲೇ ಅಂತ ಕೇಳಿದ. ಕಳ್ಳ ಬಂದಾಗ ಇವನನ್ನು ಎಲ್ಲಿಂದ ಕರೆತರುವುದು?

ಕೊನೆಗೆ ಸಿಕ್ಕಿದ್ದು ನಡುವಣದು. ಮಧ್ಯಮ ಗಾತ್ರ, ಗುಂಡು ಸ್ವಲ್ಪ ಸೌಮ್ಯ ಜಾತಿಯದು, ಕೈಯಲ್ಲಿ ಗಟ್ಟಿಯಾಗಿ ಕೂರುವ ತೂಕ. ಸ್ಲೈಡ್ ಎಷ್ಟು ಸಲೀಸೆಂದರೆ ಡ್ರಾಯರ್ ಎಳೆದ ಹಾಗೆ. ಆದರೂ ನನ್ನ ಗುಂಡುಗಳು ಕೆಳಕ್ಕೇ ಹೋಗುತ್ತಿದ್ದವು. ಆಗ ವಿಜಯಾ ಒಂದು ಕಿತಾಪತಿ ಮಾಡಿದಳು, ನನಗೆ ಕಾಣದ ಹಾಗೆ ನಡುವೆ ಒಂದು ಸುಳ್ಳು ಗುಂಡು ಸೇರಿಸಿಟ್ಟಳು. ಟ್ರಿಗರ್ ಒತ್ತಿದೆ, ಸದ್ದೇ ಇಲ್ಲ, ಆದರೆ ನನ್ನ ಕೈ ಧಡಕ್ಕೆಂದು ಕೆಳಗೆ ಹಾರಿತು. "ನೋಡಿದ್ರ್ಯಾ? ಪಿಸ್ತೂಲು ಒದೀಲೇ ಇಲ್ಲ. ನೀವ ಅಂಜಿ ಒದ್ರಿ" ಅಂದಳು. ಅಂಜಿದ ಕೈ ತಾನಾಗಿ ಹಾರುತ್ತದೆ ಅಂತ ಅವತ್ತು ಕಲಿತೆ. ಬೇಸಿಗೆ ಕಳೆಯುವ ಹೊತ್ತಿಗೆ ನನ್ನ ಗುಂಡೆಲ್ಲ ಒಂದು ಚಕ್ಕುಲಿಯಷ್ಟು ಜಾಗದಲ್ಲಿ ಬೀಳುತ್ತಿದ್ದವು. ನಗಬೇಡಿ. ಕ್ಯಾರಂನಲ್ಲಿ ಯಾವತ್ತೂ ನನ್ನನ್ನು ಸೋಲಿಸುತ್ತಿದ್ದಿರಲ್ಲ, ಈಗ ಬನ್ನಿ ನೋಡೋಣ.

ಅದನ್ನು ಮನೆಗೆ ತಂದು ಮೇಲಿನ ಕೋಣೆಯ ಸೇಫಿನಲ್ಲಿಟ್ಟ ದಿನ ಧೈರ್ಯ ಬರುತ್ತದೆ ಅಂದುಕೊಂಡಿದ್ದೆ. ಎಲ್ಲಿಯ ಧೈರ್ಯ! ಕಳ್ಳನ ಹೆದರಿಕೆ ಇದ್ದ ಹಾಗೇ ಇತ್ತು, ಜೊತೆಗೆ ಸೇಫಿನದ್ದೊಂದು ಸೇರಿಕೊಂಡಿತು. ಬೀಗ ಹಾಕಿದೆನೋ ಇಲ್ಲವೋ ಅಂತ ಒಗ್ಗರಣೆ ಹಾಕುತ್ತಿದ್ದವಳು ಒಲೆ ಆರಿಸಿ ಮೇಲೆ ಓಡುತ್ತಿದ್ದೆ. ಅಮ್ಮನಿಗೆ ಮಾತ್ರ ಬಲು ಹೆಮ್ಮೆ. ಫೋನಿನಲ್ಲಿ ಮೈಸೂರಿನ ತಂಗಿಗೆ, "ನಮ್ಮ ಸುಮಾ ಕೋವಿ ತಗೊಂಡಿದ್ದಾಳೆ ಕಣೇ!" ಅಂತ ಸಾರಿದರು. ಶ್ರುತಿಯ ಕಿವಿಗೆ ಬೀಳಿಸಬೇಡಿ ಅಂತ ಕೈ ಮುಗಿದಿದ್ದಕ್ಕೆ ಅಷ್ಟರಮಟ್ಟಿಗೆ ಸುಮ್ಮನಿದ್ದರು.

ಆಯುಧಪೂಜೆಯೆಂದರೆ ನಿಮ್ಮ ಸಡಗರವೇನು ಕಮ್ಮಿಯೇ? ಕಾರಿನ ಚಕ್ರಕ್ಕೆ ನಿಂಬೆಹಣ್ಣು, ಹಿಮ ತೆಗೆಯುವ ಸ್ನೋ ಬ್ಲೋವರ್‌ಗೆ ಚೆಂಡುಹೂವು, ಡ್ರಿಲ್ಲಿಗೆ ಕುಂಕುಮ. ನೀವಿಲ್ಲದೆ ಎರಡು ವರ್ಷ ಅದೇನೂ ನಡೆದಿರಲಿಲ್ಲ. ಈ ಸಲ ಅಮ್ಮನೇ ಗೊಂಬೆ ಇಳಿಸಿದರು, ಪೂಜೆಯೂ ಆಗಲೇಬೇಕೆಂದರು. ತಟ್ಟೆಯಲ್ಲಿ ಚಾಕು, ಕತ್ತರಿ, ಕಾರಿನ ಕೀ, ನನ್ನ ಲ್ಯಾಪ್‌ಟಾಪ್ ಜೋಡಿಸುತ್ತಿದ್ದರೆ ಸೊಂಟದ ಮೇಲೆ ಕೈಯಿಟ್ಟು ನಿಂತರು. "ಅಲ್ವೇ, ನಿಜವಾದ ಆಯುಧಾನ ಮೇಲೆ ಬೀಗ ಹಾಕಿಟ್ಟು ಲ್ಯಾಪ್‌ಟಾಪಿಗೆ ಕುಂಕುಮ ಹಚ್ತೀಯಲ್ಲ, ದೇವಿ ನಗಲ್ವಾ?" ಮೇಲೆ ಹೋಗಿ ಅದನ್ನು ತಂದೆ. ಮ್ಯಾಗಜೀನ್ ತೆಗೆದು, ನಳಿಗೆ ಖಾಲಿಯೆಂದು ಕಣ್ಣಿಂದ ನೋಡಿ, ಬೆರಳಿಂದ ಮುಟ್ಟಿ, ತಟ್ಟೆಯಲ್ಲಿಟ್ಟೆ. "ಖಾಲಿ ಇಡ್ತಾರೇನೇ? ದೇವರ ಮುಂದೆ ಬರೀ ಚೊಂಬು ಇಡ್ತೀವಾ? ಒಂದು ಕಾಳು ಅಕ್ಕಿಯಾದರೂ ಹಾಕಲ್ವಾ?" ವಾದ ಮಾಡಿ ಸಾಕಾಗಿ ತುಂಬಿದ ಮ್ಯಾಗಜೀನನ್ನು ಪಕ್ಕದ ಬೆಳ್ಳಿ ಬಟ್ಟಲಿನ ಅಕ್ಕಿಯ ಮೇಲಿಟ್ಟೆ. ಗುಂಡು ಬೇರೆ, ಪಿಸ್ತೂಲು ಬೇರೆ, ಮನೆಯಲ್ಲಿ ಇರುವುದು ನಾವಿಬ್ಬರೇ. ಪೂಜೆ ಮುಗಿದ ಮೇಲೆ ಎತ್ತಿಡಲು ಹೋದರೆ ಕೈ ತಡೆದರು. ಪೂಜೆಗಿಟ್ಟ ಆಯುಧವನ್ನು ವಿಜಯದಶಮಿಯ ಬೆಳಿಗ್ಗೆಯವರೆಗೆ ಕದಲಿಸಬಾರದಂತೆ. ನೀವೂ ಹಾಗೇ ಮಾಡುತ್ತಿದ್ದಿರಿ, ಡ್ರಿಲ್ಲನ್ನು ಮುಟ್ಟಲು ಬಿಡುತ್ತಿರಲಿಲ್ಲ. ಸರಿ ಅಂತ ಬಿಟ್ಟೆ.

ಶ್ರುತಿ ಬರುವುದು ಮರುದಿನ ಅಂತಿತ್ತು. ಅಜ್ಜಿಯರಿಗೆ ಸರ್ಪ್ರೈಸ್ ಕೊಡೋಣವೆಂದು ಮಗಳನ್ನು ಕರೆದುಕೊಂಡು ಅವತ್ತೇ ಮಧ್ಯಾಹ್ನ ಬಂದುಬಿಟ್ಟಳು. ನಾನು ಕಡಲೆ ಉಸಲಿಗೆ ತೆಂಗಿನಕಾಯಿ ತುರಿಯುತ್ತಿದ್ದೆ, ಮಿಕ್ಸಿ ಬೇರೆ ಓಡುತ್ತಿತ್ತು. ಗ್ಯಾರೇಜಿನ ಬಾಗಿಲು ತೆರೆದಿದ್ದು ಕೇಳಲೇ ಇಲ್ಲ. ಮಿಕ್ಸಿ ನಿಲ್ಲಿಸಿದೆ. ಗೊಂಬೆ ಇಟ್ಟ ಕೋಣೆಯಿಂದ ಒಂದು ಸಣ್ಣ 'ಟಕ್' ಕೇಳಿತು. ಅದರ ಹಿಂದೆಯೇ ಸ್ಲೈಡ್ ಹಿಂದೆ ಹೋಗಿ ಮುಂದೆ ಬಂದ ಸದ್ದು. ಬೇಸಿಗೆಯೆಲ್ಲ ಕೇಳಿದ ಸದ್ದು ರೀ ಅದು, ತಪ್ಪಾಗುವುದುಂಟೇ? ಆ ಕೋಣೆಗೆ ಓಡಿದೆ.

ತಾರಾ ಗೊಂಬೆಗಳ ಮುಂದೆ ಎರಡೂ ಕೈಯಲ್ಲಿ ಅದನ್ನು ಹಿಡಿದು ನಿಂತಿದ್ದಳು. ನಿಮ್ಮ ಏಳು ವರ್ಷದ ತಾರಾ. ಕೈಯೆಲ್ಲ ಕುಂಕುಮ. ಬೆರಳು ಎಲ್ಲಿರಬಾರದೋ ಅಲ್ಲೇ ಇತ್ತು. ಎದುರಿನ ಕುರ್ಚಿಯಲ್ಲಿ ಅಮ್ಮ, ಮುಖವೆಲ್ಲ ನಗು. "ನೋಡೇ ಸುಮಾ, ದುರ್ಗೆ ಥರ ಕಾಣ್ತಾಳೆ!" ನಳಿಗೆ ನೆಟ್ಟಗೆ ಅಮ್ಮನ ಎದೆಗೆ. "ಅಜ್ಜೀ, ಲುಕ್! ಇಟ್ಸ್ ಸೋ ಈಸಿ!" ಅಂದಳು ತಾರಾ.

ಈಸಿ. ಹೌದಲ್ಲ. ಈಸಿಯಾಗಿರಲೆಂದೇ ಅಂಗಡಿ ಅಂಗಡಿ ಅಲೆದಿದ್ದೆನಲ್ಲ. ನನ್ನ ರೋಗದ ಕೈಗೆ ಆಗುವಂಥದ್ದು ಆ ಪುಟ್ಟ ಕೈಗೆ ಆಗದಿರುತ್ತದೆಯೇ? ಕೂಗಲು ಬಾಯಿ ತೆರೆದವಳು ತಡೆದುಕೊಂಡೆ. ಕೂಗಿದರೆ ಮಗು ಬೆಚ್ಚುತ್ತದೆ, ಅಂಜಿದ ಕೈ ಹಾರುತ್ತದೆ. ಹೇಳಿದೊಡನೆ ಅಲ್ಲಾಡದೆ ನಿಲ್ಲುವ ಅವಳ ಸ್ಕೂಲಿನ ಆಟ ಅದು ಹೇಗೆ ನೆನಪಾಯಿತೋ, ಯಾವ ದೇವರು ನೆನಪು ಮಾಡಿಸಿದನೋ. ನಗುನಗುತ್ತಲೇ "ತಾರಾ, ಫ್ರೀಜ್!" ಅಂದೆ. ಮಗು ಗೊಂಬೆಯ ಹಾಗೆ ನಿಂತಿತು. ಕೂದಲೂ ಅಲ್ಲಾಡಲಿಲ್ಲ. ಪಕ್ಕದಿಂದ ಹೋಗಿ ಮಣಿಕಟ್ಟು ಹಿಡಿದು ನಳಿಗೆಯನ್ನು ಗೋಡೆಯ ಕಡೆ ತಿರುಗಿಸಿ, ಬೆರಳನ್ನು ಮೆಲ್ಲಗೆ ಬಿಡಿಸಿದೆ. ಮ್ಯಾಗಜೀನ್ ತೆಗೆದು ಸ್ಲೈಡ್ ಎಳೆದೆ. ನಳಿಗೆಯಲ್ಲಿದ್ದ ಗುಂಡು ಚಿಮ್ಮಿ ಪಟ್ಟದ ಗೊಂಬೆಯ ಪಾದದ ಬಳಿ ಬಿತ್ತು. ಅದನ್ನು ನೋಡಿದ ಮೇಲೆ ನಾನು ಕೂಗಿದೆ. ಏನು ಕೂಗಿದೆನೋ ಗೊತ್ತಿಲ್ಲ. ಮಗುವಿನ ಭುಜ ಹಿಡಿದು ಜಗ್ಗಾಡಿದೆನಂತೆ. ಕಾರಿನಿಂದ ಬ್ಯಾಗು ತರುತ್ತಿದ್ದ ಶ್ರುತಿ ಬಾಗಿಲಲ್ಲಿ ನಿಂತಿದ್ದಳು. ನನ್ನ ಒಂದು ಕೈಯಲ್ಲಿ ಪಿಸ್ತೂಲು, ಇನ್ನೊಂದರಲ್ಲಿ ಅಳುತ್ತಿರುವ ಅವಳ ಮಗಳು.

ಶ್ರುತಿ ನನ್ನ ಮೇಲೆ ರೇಗಲಿಲ್ಲ. ರೇಗಿದ್ದರೆ ತಡೆದುಕೊಳ್ಳುತ್ತಿದ್ದೆ. "ತಾರಾ, ಗೆಟ್ ಇನ್ ದ ಕಾರ್" ಅಂದಳು, ಅಷ್ಟೇ. ರಾಹುಕಾಲವೆಂದು ಅಮ್ಮ ಕೂಗುತ್ತಲೇ ಇದ್ದರು, ಕಾರು ಹೊರಟುಹೋಯಿತು. ಆಮೇಲೆ ಫೋನಿನಲ್ಲಿ ಹೇಳಿದ್ದು ಒಂದೇ ಮಾತು: "ಅದು ಆ ಮನೇಲಿ ಇರೋವರೆಗೂ ತಾರಾ ಅಲ್ಲಿ ಕಾಲಿಡಲ್ಲ. ಅಪ್ಪ ಇದ್ದಿದ್ರೂ ಇದನ್ನೇ ಹೇಳ್ತಿದ್ರು ಅಮ್ಮಾ." ಹೇಳುತ್ತಿದ್ದಿರಾ? ನನಗೆ ಆಗ ಎರಡು ಹೆದರಿಕೆ, ರೀ. ಪಿಸ್ತೂಲು ಕೊಟ್ಟುಬಿಟ್ಟ ಮರುದಿನವೇ ಆ ಇಬ್ಬರು ಮತ್ತೆ ಬಂದರೆ? ಕೊಡದೆ ಇಟ್ಟುಕೊಂಡರೆ ತಾರಾ...

ಅಮ್ಮ ಆಮೇಲೆ ಆ ಕುರ್ಚಿಯಲ್ಲಿ ಕೂರುತ್ತಿಲ್ಲ. ಕಳ್ಳ ಕೈ ಹಿಡಿದಾಗಲೂ ಹೆದರದವರು, ವಿಜಯದಶಮಿಯ ಬೆಳಿಗ್ಗೆ ನನ್ನ ಸೆರಗು ಹಿಡಿದು, "ಅದನ್ನ ಕೊಟ್ಟುಬಿಡೇ. ನಾನು ಸತ್ತಿದ್ದರೆ ಚಿಂತೆ ಇರ್ಲಿಲ್ಲ. ಆ ಮಗು ಕೊಂದೋಳಾಗಿ ಬದುಕ್ಬೇಕಿತ್ತಲ್ಲೇ" ಅಂದು ಬಿಕ್ಕಿದರು. ಅವತ್ತೇ ತೆಗೆದುಕೊಂಡು ಹೋದೆ. ಅಂಗಡಿಯವನು ತಿರುಗಿಸಿ ಮುರುಗಿಸಿ ನೋಡಿ, ಇಷ್ಟು ಮೆತ್ತನೆಯದನ್ನು ಯಾಕೆ ಮಾರುತ್ತೀರಿ, ಒದೆಯುತ್ತದೆಯೇ ಅಂತ ಕೇಳಿದ. ಸ್ವಲ್ಪವೂ ಒದೆಯುವುದಿಲ್ಲ ಅಂದೆ. ಹಿಡಿಯ ಗೀರುಗಳಲ್ಲಿ ಕುಂಕುಮ ಇನ್ನೂ ಉಳಿದಿತ್ತು, ತುಕ್ಕೆಂದುಕೊಂಡು ಉಗುರಿನಿಂದ ಕೆರೆದ.

ಈಗ ಶ್ರುತಿ ಅಲಾರಂ ಹಾಕಿಸಿದ್ದಾಳೆ. ಗಾಜಿನ ಬಾಗಿಲ ಸಂದಿಗೆ ನಾನೊಂದು ದೊಣ್ಣೆ ಅಡ್ಡ ಇಟ್ಟಿದ್ದೇನೆ. ಅಮ್ಮ, ನಾನು ಒಂದೇ ಕೋಣೆಯಲ್ಲಿ ಚಿಲಕ ಹಾಕಿಕೊಂಡು ಮಲಗುತ್ತೇವೆ. ಹೆದರಿಕೆ ಹೋಯಿತೇ ಅಂದರೆ ಇಲ್ಲ. ನಿಮ್ಮ ಹತ್ತಿರ ಸುಳ್ಳು ಯಾಕೆ? ಆದರೆ ಹೆದರಿಕೊಂಡೇ ಇರುತ್ತೇನೆ, ಇನ್ನೊಂದನ್ನು ಮನೆಗೆ ತರುವುದಿಲ್ಲ. ಇದು ನಿಮಗೆ ಕೊಟ್ಟ ಮಾತು.

ಕಳೆದ ಭಾನುವಾರ ತಾರಾ ಬಂದಳು. ಅದನ್ನು ಹೇಳಲೆಂದೇ ಇಷ್ಟೆಲ್ಲ ಬರೆದೆ. ಯಾವಾಗಲೂ ಬಾಗಿಲಿನಿಂದಲೇ ಓಡಿಬಂದು ಕಾಲು ತಬ್ಬುತ್ತಿದ್ದ ಮಗು ಹೊಸ್ತಿಲಾಚೆಯೇ ನಿಂತಿತು. "ಬಾರೋ ಬಂಗಾರ" ಅಂತ ಕರೆದೆ. ನನ್ನ ಮುಖ ನೋಡಲಿಲ್ಲ, ರೀ. ಕೈ ನೋಡಿದಳು. "ಈಸ್ ಇಟ್ ಗಾನ್?" ಅಂದಳು. ನಾನು ಎರಡೂ ಅಂಗೈ ಬಿಚ್ಚಿ ತೋರಿಸಿದೆ. ತಿರುಗಿಸಿ ಹಿಂಗೈಯನ್ನೂ ತೋರಿಸು ಅಂದಳು, ತೋರಿಸಿದೆ. ಸ್ವಲ್ಪ ಹೊತ್ತು ನೋಡಿ, ಆಮೇಲೆ ಬಗ್ಗಿ ಶೂ ಬಿಚ್ಚಿದಳು.

ನಿಮ್ಮ
ಸುಮಾ