ಚಕ್ರದ ಮೇಲೆಯೇ ನಿಲ್ಲಲಿ

ಲೊಫೊಟೆನ್, ನವೆಂಬರ್

ಪ್ರಿಯ ಓಡ್ವಾರ್,

ಮಗ ಐವಿಂಡ್‌ನ ಕಾರಿಗೆ ಈ ಚಳಿಗಾಲವೂ ನಿನ್ನ ಕೊಟ್ಟಿಗೆಯಲ್ಲಿ ಜಾಗ ಕೊಟ್ಟೆ, ಉಪಕಾರವಾಯಿತು. ಟ್ಯಾಂಕ್ ತುಂಬಿಸಿದ್ದೇನೆ. ಇಲಿ ಬರದಂತೆ ಸೀಟಿನ ಕೆಳಗೆ ಸಾಬೂನು ಇಟ್ಟಿದ್ದೇನೆ.

ಆದರೆ ಬ್ಯಾಟರಿ ತೆಗೆಯಬೇಡ, ಕಾರನ್ನು ದಿಮ್ಮಿಯ ಮೇಲೆ ಏರಿಸಲೂ ಬೇಡ. "ಟಯರ್ ಚಪ್ಪಟೆ ಆಗ್ತವೆ ಅಕ್ಕಾ, ದಿಮ್ಮಿ ಮೇಲೆ ಏರಿಸ್ಲೇಬೇಕು. ಇನ್ನು ಯಾರು ಓಡಿಸ್ತಾರೆ?" ಎಂದ ನೀನು ನಾಲಿಗೆ ಕಚ್ಚಿಕೊಂಡೆ. ದಡಕ್ಕೆ ಬಂದದ್ದು ದೋಣಿಯ ಹಲಗೆ, ಐವಿಂಡ್ ಅಲ್ಲ. ಅವನ ಶ್ರದ್ಧಾಂಜಲಿ ಪ್ರಾರ್ಥನೆಗೆ ದಿನ ಗೊತ್ತು ಮಾಡೋಣವೆಂದು ಬಂದ ಪಾದ್ರಿಯನ್ನು ಕಾಫಿಯನ್ನೂ ಕೊಡದೆ ಕಳಿಸಿದ್ದೇನೆ.

ಟಯರ್ ಹಾಳಾದರೆ ಹೊಸದು ಹಾಕಿಸುತ್ತೇನೆ. ಕೀಲಿ ಕಾರಿನಲ್ಲೇ ಇರಲಿ. ಬಂದವನು ಮೊದಲು ಅದನ್ನೇ ಕೇಳುತ್ತಾನೆ. ಹಿಮ ಬಿದ್ದಾಗಲೆಲ್ಲ ಕೊಟ್ಟಿಗೆ ಬಾಗಿಲಿನ ಮುಂದಿನದನ್ನು ನಾನೇ ಬಂದು ತೆಗೆಯುತ್ತೇನೆ. ಕಿಟಕಿಯಿಂದ ಕಂಡರೆ ಸಲಿಕೆ ಹಿಡಿದು ಬಾ. ಸಮಾಧಾನ ಹೇಳಲು ಬರಬೇಡ.

ಐವಿಂಡ್‌ನ ತಾಯಿ,
ಗುನ್ವೊರ್