ಪಟಾಕಿಗೆ ಎದ್ದ ಬಾತುಗಳು ಎಲ್ಲಿ ಇಳಿದವು?

ಮಾನ್ಯ ಪಶು ಆರೋಗ್ಯಾಧಿಕಾರಿಗಳೇ,

"ಕೆರೆಯಲ್ಲಿ ಹಕ್ಕಿಗಳೇ ಇಲ್ಲ, ಆದ್ದರಿಂದ ಹಕ್ಕಿಜ್ವರವೂ ಇಲ್ಲ" ಎಂದು ತಾವು ಸಹಿ ಮಾಡಿದ ವರದಿ ಓದಿದೆ. ಎಂಥ ಅಚ್ಚುಕಟ್ಟಾದ ತರ್ಕ! ಹಕ್ಕಿಗಳು ಏಕಿಲ್ಲ ಎಂದು ನನ್ನನ್ನು ಕೇಳಿದ್ದರೆ ಹೇಳುತ್ತಿದ್ದೆ. ಓಡಿಸಿದವನು ನಾನು, ಓಡಿಸು ಎಂದವರು ತಾವು.

ಹನ್ನೊಂದು ವರ್ಷದಿಂದ ನಾನು ಈ ಕೆರೆಯ ಕಾವಲುಗಾರ. ಕಳೆದ ತಿಂಗಳು ಏಳು ಕಾಡುಬಾತುಗಳು ಕತ್ತು ತಿರುಚಿಕೊಂಡು ದಡಕ್ಕೆ ಬಂದು ಸತ್ತವು. ತಮ್ಮ ಕಚೇರಿಗೆ ಫೋನ್ ಮಾಡಿದೆ. ಸತ್ತವನ್ನು ಹೂಳಬೇಕು, ಉಳಿದವನ್ನು ಪಟಾಕಿ ಹೊಡೆದು ಓಡಿಸಬೇಕು ಎಂದು ಅಪ್ಪಣೆಯಾಯಿತು. ಶಿರಸಾವಹಿಸಿ ಮೂರು ದಿನ ಪಟಾಕಿ ಹಚ್ಚಿದೆ. ರೋಗ ತಗುಲಿದ ಬಾತುಗಳೆಲ್ಲ ಸಾಯುವುದಿಲ್ಲ, ಎಷ್ಟೋ ಗಟ್ಟಿಮುಟ್ಟಾಗಿ ಈಜುತ್ತಲೇ ಹಿಕ್ಕೆಯಲ್ಲಿ ರೋಗ ಬಿಡುತ್ತವೆ, ಎಬ್ಬಿಸಿದರೆ ಅದನ್ನು ಬೇರೆ ನೀರಿಗೆ ಒಯ್ಯುತ್ತವೆ ಎಂದು ನನಗಾಗ ಗೊತ್ತಿರಲಿಲ್ಲ. ತಮಗೂ ಗೊತ್ತಿರಲಿಲ್ಲವೇ? ಅಥವಾ ಈ ಕೆರೆ ದಾಟಿದರೆ ಸಾಕಿತ್ತೇ?

ಅವು ಇಳಿದದ್ದು ನನ್ನ ಅಕ್ಕನ ಕೋಳಿ ಶೆಡ್ಡಿನ ಹಿಂದಿನ ಹೊಂಡಕ್ಕೆ. ಕೋಳಿಗಳಿಗೆ ಕುಡಿಯುವ ನೀರು ಅಲ್ಲಿಂದಲೇ. ಅಕ್ಕ ಫೋನಿನಲ್ಲಿ ನಗುತ್ತಿದ್ದಳು: "ಏನೋ, ನಿನ್ನ ಬಾತುಗಳೆಲ್ಲ ನಮ್ಮನೆಗೆ ನೆಂಟರಾಗಿ ಬಂದಿವೆಯಲ್ಲೋ!" ನಾನೂ ನಕ್ಕೆ. ಒಂಬತ್ತನೇ ದಿನಕ್ಕೆ ಅರ್ಧ ಶೆಡ್ಡು ಖಾಲಿ. ಸತ್ತ ಕೋಳಿಗಳನ್ನು ಅವಳು ಬರಿಗೈಯಲ್ಲೇ ಎತ್ತಿ ಹಾಕಿದಳು. ಜ್ವರ ಬಂದು ಉಸಿರು ಕಟ್ಟಿ, ಈಗ ಆಸ್ಪತ್ರೆಯಲ್ಲಿ ಆಕ್ಸಿಜನ್ ಹಾಕಿಕೊಂಡು ಮಲಗಿದ್ದಾಳೆ. ಗಾಜಿನಾಚೆಯಿಂದ ನಾನು ಕೈ ಬೀಸಿದರೆ ತಿರುಗಿ ಕೈ ಎತ್ತುವಷ್ಟೂ ತ್ರಾಣವಿಲ್ಲ. ನನಗೆ ಭಯವಾಗುತ್ತಿದೆ, ಮಾನ್ಯರೇ.

ಡಾಕ್ಟರು ಕೈಚೆಲ್ಲಿದ್ದಾರೆ: "ಹಕ್ಕಿಜ್ವರದ ಪರೀಕ್ಷೆಗೆ ಕಳಿಸಬೇಕಂದ್ರೆ ಸುತ್ತಮುತ್ತ ಹಕ್ಕಿ ಸತ್ತಿವೆ ಅಂತ ಪಶು ಆರೋಗ್ಯ ಕಚೇರಿಯವರು ಬರೆದುಕೊಡಬೇಕಪ್ಪ. ಅದಿಲ್ಲದೆ ಹಕ್ಕಿಜ್ವರದ ಔಷಧಿನೂ ಕೊಡಲ್ಲ ಅಂತಾರೆ ಮೇಲಿನವರು."

ತಮ್ಮ ಗುಮಾಸ್ತರ ಮಾತು ಹೀಗೆ: "ಕೋಳಿ ಸತ್ತಿದ್ದು ಸೆಕೆಗೆ ಅಂತ ಬರೆದಾಗಿದೆ ಕಣ್ರೀ. ಮತ್ತೆ ಫೈಲ್ ತೆಗೆದ್ರೆ ಸಾಹೇಬ್ರ ತಲೆಗೆ ಬರುತ್ತೆ."

ಹಾಗಾದರೆ ನನ್ನ ತಲೆಗೇ ಕಟ್ಟಿ. ಕಾವಲುಗಾರನೇ ಅಪ್ಪಣೆಯಿಲ್ಲದೆ ಹಕ್ಕಿಗಳನ್ನು ಓಡಿಸಿದ, ಸತ್ತವನ್ನು ಮುಚ್ಚಿಟ್ಟ ಎಂದು ಬರೆಯಿರಿ. ಸಹಿ ಹಾಕುತ್ತೇನೆ, ಕೆಲಸ ಬಿಡುತ್ತೇನೆ, ಜೈಲಿಗೆ ಬೇಕಾದರೂ ಹೋಗುತ್ತೇನೆ. ಆದರೆ ಕೆರೆಯಲ್ಲಿ ಬಾತುಗಳು ಸತ್ತಿದ್ದವು ಎಂಬ ಒಂದು ಸಾಲನ್ನು ಈ ಪತ್ರ ಓದಿದ ಗಳಿಗೆಯಲ್ಲೇ ಆಸ್ಪತ್ರೆಗೆ ಕಳಿಸಿ. ನಾಳೆ ಎನ್ನಬೇಡಿ. ಅಕ್ಕನಿಗೆ ನಾಳೆ ಇದೆಯೋ ಇಲ್ಲವೋ ಡಾಕ್ಟರಿಗೂ ಗೊತ್ತಿಲ್ಲ.

ಇಂತಿ,
ಹೇಳಿದ್ದನ್ನೆಲ್ಲ ಮಾಡಿದ ತಮ್ಮ ವಿಧೇಯ
ಕೆರೆ ಕಾವಲುಗಾರ